ಯಂತ್ರಕ್ಕೊಂದು ಕೈ

ರಾಜಧಾನಿಯಿಂದ ಸುತ್ತೋಲೆ ಬಂದಾಗ ನಾನು ವಲಯ ಶಿಕ್ಷಣ ಕಚೇರಿಯಲ್ಲಿ ಟೇಬಲ್ ಫ್ಯಾನಿನ ಮೇಲೆ ಎಡಗೈ ಇಟ್ಟುಕೊಂಡು ಬಲಗೈಯಲ್ಲಿ ಶಿಕ್ಷಕರ ರಜೆ ಅರ್ಜಿಗಳನ್ನು ವಿಂಗಡಿಸುತ್ತಿದ್ದೆ. ಶಿಕ್ಷಣಾಧಿಕಾರಿ ಅರಕೇರಿ ಸಾಹೇಬರು ತಮ್ಮ ಕೋಣೆಯಿಂದ ತಾವೇ ಎದ್ದು ಬಂದು ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಅವರು ತಾವಾಗಿ ಎದ್ದು ಬಂದರೆಂದರೆ ಕೆಲಸ ದೊಡ್ಡದು, ಯಾರಿಗೂ ಬೇಡವಾದದ್ದು ಎಂದು ನಮಗೆಲ್ಲ ಗೊತ್ತಿತ್ತು.

"ಸುಲೋಚನಾ ಮೇಡಂ, ಇದು ನಿಮ್ಮದು. ನಲವತ್ತೈದು ದಿನ ಕೊಟ್ಟಾರ. ಇಪ್ಪತ್ಮೂರೂ ಶಾಲಿಗೆ ಐದು ವರ್ಷದ ತಂತ್ರಜ್ಞಾನ ಯೋಜನೆ ಮಾಡಿ ಕಳಸಬೇಕಂತ."

"ಹೋದ ಸಲದ್ದು ಐತೇನ್ರಿ ಸರ್?"

"ಕಪಾಟಿನ್ಯಾಗ ಐತಿ. ಅದನ್ನ ನೋಡಿ ಸ್ವಲ್ಪ ಹೆಚ್ಚು ಕಡಿಮಿ ಮಾಡ್ರಿ, ಸಾಕು."

ನಮ್ಮ ಊರಿನಲ್ಲಿ ಅಂಗೈ ತಾಗದ ಯಂತ್ರ ನಡೆಯುವುದಿಲ್ಲ. ಕೈ ಇಟ್ಟರೆ ನಡೆಯುತ್ತದೆ, ತೆಗೆದರೆ ನಿಲ್ಲುತ್ತದೆ. ದೀಪಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಯಾಕೆಂದು ಯಾರೂ ಕೇಳಿಲ್ಲ. ಹಿಟ್ಟಿನ ಗಿರಣಿಯಲ್ಲಿ ಗಿರಣಿಯವನ ತಾಯಿ ಬೆಳಗಿನಿಂದ ಮಧ್ಯಾಹ್ನದವರೆಗೆ ಮೋಟಾರಿನ ಮೇಲೆ ಕೈ ಇಟ್ಟು ಕೂರುತ್ತಾಳೆ, ಮಧ್ಯಾಹ್ನದ ಮೇಲೆ ಹೆಂಡತಿ ಕೂರುತ್ತಾಳೆ. ಫ್ರಿಜ್ ಕೊಳ್ಳಲು ಹೋದರೆ ಅಂಗಡಿಯವನು ಮೊದಲು ಕೇಳುವುದು ಮನೆಯಲ್ಲಿ ಮಂದಿ ಎಷ್ಟು ಎಂದು. ಹೆಣ್ಣು ಕೊಡುವವರು ಗಂಡಿನ ಮನೆಯ ಹೊಲವನ್ನಷ್ಟೇ ವಿಚಾರಿಸುವುದಿಲ್ಲ, ಒಳಗೆ ಎಷ್ಟು ಯಂತ್ರ ಇವೆ ಎಂದೂ ವಿಚಾರಿಸುತ್ತಾರೆ. ಫೋನು ಅಂಗೈಯಲ್ಲಿದ್ದರೆ ಮಾತ್ರ ರಿಂಗಾಗುತ್ತದೆ. ಆದ್ದರಿಂದ ಯಾರಾದರೂ ಫೋನನ್ನು ಮುಷ್ಟಿಯಲ್ಲಿ ಹಿಡಿದು ಓಡಾಡುತ್ತಿದ್ದರೆ ಅವರಿಗೆ ಯಾವುದೋ ಸುದ್ದಿ ಬರಬೇಕಾಗಿದೆ ಎಂದು ತಿಳಿದು ನಾವು ಮಾತನಾಡಿಸುವುದಿಲ್ಲ. ಹೊರಗಿನಿಂದ ವರ್ಗವಾಗಿ ಬಂದವರು ಮೊದಲ ದಿನ ನಗುತ್ತಾರೆ, ಎರಡನೆಯ ದಿನ ಕೈ ಇಡುತ್ತಾರೆ.

ಎಂಟು ವರ್ಷದ ಹಿಂದಿನ ಯೋಜನೆಯನ್ನು ಕಪಾಟಿನಿಂದ ತೆಗೆದು ಓದಿದೆ. ಅದರ ಕೊನೆಯ ವರದಿಯಲ್ಲಿ "ಎಲ್ಲ ಉಪಕರಣಗಳೂ ಸುಸ್ಥಿತಿಯಲ್ಲಿವೆ" ಎಂದು ಬರೆದಿತ್ತು. ಅದು ಸುಳ್ಳೇನಲ್ಲ. ಒಮ್ಮೆಯೂ ಬಳಸದ ಕಾರಣ ಅವು ಸುಸ್ಥಿತಿಯಲ್ಲಿದ್ದವು. ಹೊಸ ನಮೂನೆಯಲ್ಲಿ ಶಾಲೆಯ ಹೆಸರು, ಕೋಣೆ, ವಿದ್ಯುತ್ತು, ಮಕ್ಕಳ ಸಂಖ್ಯೆ, ಬೇಕಾದ ಯಂತ್ರಗಳು ಎಂದು ಹನ್ನೊಂದು ಕಾಲಂಗಳಿದ್ದವು. ಯಾರು ಕೈ ಇಡುವವರು ಎಂಬುದಕ್ಕೆ ಕಾಲಂ ಇರಲಿಲ್ಲ. ಅದನ್ನು ತಯಾರಿಸಿದವರ ಊರಿನಲ್ಲಿ ಅದರ ಅಗತ್ಯವಿಲ್ಲ.

ನಾನು ಕಚೇರಿಯಲ್ಲಿ ಕೂತು ತುಂಬಬಹುದಿತ್ತು. ಆದರೆ ಅದೇ ತಿಂಗಳು ಕಚೇರಿಗೆ ಸುಣ್ಣ ಬಳಿಯಲು ಶುರುಮಾಡಿದ್ದರು. ಒಳಗೆ ಕೂರುವುದಕ್ಕಿಂತ ತಿರುಗುವುದೇ ಮೇಲೆನಿಸಿತು. ಹೀಗೆ ನಾನು ಶಾಲೆಗಳನ್ನು ನೋಡಲು ಹೊರಟೆ. ಹೆಚ್ಚಿನ ಕಡೆ ಕಂಪ್ಯೂಟರುಗಳ ಮೇಲೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿತ್ತು. ಒಂದು ಶಾಲೆಯಲ್ಲಿ ಅವುಗಳಿಗೆ ಕುಂಕುಮ ಹಚ್ಚಿದ್ದರು. "ವರ್ಷಕ್ಕೊಮ್ಮೆ ಪೂಜಾ ಮಾಡ್ತೀವ್ರಿ" ಎಂದರು ಅಲ್ಲಿಯ ಮುಖ್ಯೋಪಾಧ್ಯಾಯರು. "ಚಾಲೂ ಮಾಡಾಕ ಮಂದಿ ಎಲ್ಲಿ ಅದಾರ್ರಿ? ಇರೂದು ಮೂರು ಮಂದಿ ಮಾಸ್ತರು, ಅಡುಗಿಯಾಕಿ ಒಬ್ಬಾಕಿ."

ಕೆರೆ ಓಣಿಯ ಶಾಲೆ ಮಾತ್ರ ಬೇರೆ. ಅಲ್ಲಿ ಬಸರಕೋಡ ಮಾಸ್ತರರು ಮುಖ್ಯೋಪಾಧ್ಯಾಯರು. ಇಪ್ಪತ್ತು ಕಂಪ್ಯೂಟರುಗಳು ದಿನವೂ ನಡೆಯುತ್ತಿದ್ದವು. ಹಿಂದಿನ ವರ್ಷ ಅರಕೇರಿ ಸಾಹೇಬರ ಕೈಯಿಂದಲೇ ಆ ಶಾಲೆಗೆ ಪ್ರಶಸ್ತಿ ಸಿಕ್ಕಿತ್ತು. ನಾನು ಹೋದಾಗ ಏಳನೆಯ ತರಗತಿಯ ಮಕ್ಕಳು ಎಡ ಅಂಗೈಯನ್ನು ಕಂಪ್ಯೂಟರಿನ ಮೇಲಿಟ್ಟು ಬಲಗೈಯಿಂದ ಟೈಪು ಮಾಡುತ್ತಿದ್ದರು. ಅವರ ಐದು ಬೆರಳುಗಳ ವೇಗ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಒಬ್ಬ ಹುಡುಗಿ ನಮ್ಮ ಊರಿನ ಮಳೆಯ ಪ್ರಮಾಣವನ್ನು ಬಣ್ಣಬಣ್ಣದ ಕಂಬಗಳಾಗಿ ಮಾಡಿ ತೋರಿಸಿದಳು.

ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಸರ್ವರ್ ಎಂಬ ಯಂತ್ರವೊಂದು ಇರಬೇಕೆಂದು, ಕರೆಂಟು ಹೋದರೆ ಹಿಡಿದುಕೊಳ್ಳುವ ಬ್ಯಾಟರಿ ಪೆಟ್ಟಿಗೆಯೊಂದು ಇರಬೇಕೆಂದು ನಾನು ನಮೂನೆಯಲ್ಲಿ ಓದಿ ತಿಳಿದಿದ್ದೆ. ಅವೆಲ್ಲಿ ಎಂದು ಕೇಳಿದೆ. ಬಸರಕೋಡ ಮಾಸ್ತರರು ಕೋಣೆಯ ಮೂಲೆಯ ಹಸಿರು ಪರದೆಯ ಕಡೆ ನೋಡಿದರು, ಆದರೆ ಎದ್ದು ಹೋಗಲಿಲ್ಲ. ನಾನೇ ಹೋಗಿ ಸರಿಸಿದೆ.

ಪರದೆಯ ಹಿಂದೆ ಒಬ್ಬ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಅವಳ ಎಡಗೈ ಎಡಬದಿಯ ಯಂತ್ರದ ಮೇಲೆ, ಬಲಗೈ ಬಲಬದಿಯ ಪೆಟ್ಟಿಗೆಯ ಮೇಲೆ ಇತ್ತು. ಮೂಗಿನ ಮೇಲೆ ಒಂದು ನೊಣ ಕೂತಿತ್ತು. ಕೆಳತುಟಿ ಚಾಚಿ ಉಸಿರು ಮೇಲಕ್ಕೆ ಊದಿ ಅದನ್ನು ಓಡಿಸಲು ನೋಡುತ್ತಿದ್ದಳು. ನನ್ನನ್ನು ಕಂಡು ಊದುವುದನ್ನು ನಿಲ್ಲಿಸಿದಳು. ನಾನು ನೊಣವನ್ನು ಓಡಿಸಿದೆ.

"ಹೆಸರೇನವಾ?"

"ಭಾಗ್ಯಶ್ರೀರಿ."

"ಯಾವ ಕ್ಲಾಸು, ಎಷ್ಟನೇತ್ತ?"

"ಆರನೇತ್ತರಿ."

"ನಿನ್ನ ಪಾಳಿ ಯಾವಾಗ ಮುಗೀತೈತಿ?"

"ಶಾಲಿ ಬಿಟ್ಟಮ್ಯಾಲ್ರಿ."

"ನಾಳೆ ಯಾರದು?"

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲವೇನೋ. "ನಾಳೆನೂ ನಂದರಿ" ಎಂದಳು. ಅಳುವ ದನಿಯೇನೂ ಇರಲಿಲ್ಲ.

ಬಸರಕೋಡ ಮಾಸ್ತರರು ಪಾಳಿಯ ಪುಸ್ತಕ ತಂದು ತೋರಿಸಿದರು. ಅದರಲ್ಲಿ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲ ಮಕ್ಕಳ ಹೆಸರೂ ಇತ್ತು. ಹೊರಗೆ ನೀರು ಕುಡಿಯುತ್ತಿದ್ದ ಮಕ್ಕಳನ್ನು ನಾನು ಕೇಳಿದೆ. ಪರದೆಯ ಹಿಂದೆ ಕೂತವರು ಇಡೀ ಶಾಲೆಯಲ್ಲಿ ನಾಲ್ಕೇ ಮಂದಿ, ಒಬ್ಬೊಬ್ಬರು ತಿಂಗಳುಗಟ್ಟಲೆ ಕೂರುತ್ತಾರೆ ಎಂದು ತಿಳಿಯಿತು. ನಾಲ್ವರೂ ಊರ ಹೊರಗಿನ ಗುಡಿಸಲುಗಳಿಂದ ಬರುವವರು. ಅವರ ಅಪ್ಪ ಅಮ್ಮ ಶಾಲೆಗೆ ಬಂದು ಏನನ್ನೂ ಕೇಳುವವರಲ್ಲ.

"ಅವರಿಗೆ ಹೆಂಗೂ ಓದು ಹತ್ತೂದಿಲ್ರಿ" ಎಂದರು ಮಾಸ್ತರರು ಮೊದಲು. ನಾನು ಪಾಳಿಯ ಪುಸ್ತಕವನ್ನು ಮುಚ್ಚಿ ಅವರಿಗೆ ಮರಳಿಸಿದೆ. ಆಮೇಲೆ ಬೇರೆ ದನಿಯಲ್ಲಿ ಹೇಳಿದರು: "ನಾ ಏನ್ ಮಾಡ್ಲಿ ಮೇಡಂ? ಮಷಿನ್ ಕೊಟ್ರು, ಕೈ ಕೊಡ್ಲಿಲ್ಲ. ಇನ್ನೂರಾ ಎಂಬತ್ತು ಮಕ್ಕಳು ಕಲೀತಾವ. ನಾಕು ಮಕ್ಕಳ ಸಲುವಾಗಿ ಎಲ್ಲಾ ಬಂದ್ ಮಾಡಿ ಬಟ್ಟಿ ಹೊದಿಸ್ಲೇನು?"

ಅವರು ಕೆಟ್ಟವರಲ್ಲ. ಸ್ವಂತ ಬಿಡುವಿನಲ್ಲಿ ಕಂಪ್ಯೂಟರ್ ಕಲಿತು ಮಕ್ಕಳಿಗೆ ಕಲಿಸಿದವರು. ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ "ಕೆರೆ ಓಣಿ: ಇಪ್ಪತ್ತು, ಎಲ್ಲವೂ ಚಾಲ್ತಿ" ಎಂದು ಬರೆದುಕೊಂಡು ಹೊರಬಂದೆ.

ದಾರಿಯಲ್ಲಿ ಫಕೀರವ್ವನ ನೆನಪಾಯಿತು. ಸುಮಾರು ಮೂವತ್ತೈದು ವರ್ಷದಿಂದ ನೆನಪಾಗಿರಲಿಲ್ಲ. ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ದಿನಕ್ಕೆ ಎರಡು ಸಲ ರೇಡಿಯೊ ಪಾಠ ಬರುತ್ತಿತ್ತು. ಎರಡು ತರಗತಿಗಳಿಗೂ ಕೇಳಲೆಂದು ರೇಡಿಯೊವನ್ನು ಹೊರಗೆ ಪಡಸಾಲೆಯ ಕಟ್ಟೆಯ ಮೇಲೆ ಇಡುತ್ತಿದ್ದರು. ಅದರ ಮೇಲೆ ಕೈ ಇಟ್ಟು ಕೂರುತ್ತಿದ್ದವಳು ಫಕೀರವ್ವ. ಮೂರು ವರ್ಷ ಅವಳೇ ಕೂತಿದ್ದಳು. ಹಾಜರಿಯಲ್ಲಿ ಅವಳ ಹೆಸರು ನನ್ನ ಹೆಸರಿಗಿಂತ ಎರಡು ಹೆಸರು ಮೊದಲಿತ್ತು; ಕರೆದಾಗ ಕಿಟಕಿಯ ಹೊರಗಿನಿಂದ "ಹಾಜರ್" ಎನ್ನುತ್ತಿದ್ದಳು. ಐದನೆಯ ತರಗತಿಗೆ ನಾನು ಮೊದಲನೆಯವಳಾಗಿ ಪಾಸಾದೆ. ಅವಳು ಶಾಲೆ ಬಿಟ್ಟಳು.

ಈಗ ಅವಳು ಎಲ್ಲಿದ್ದಾಳೆಂದು ಹುಡುಕಬೇಕಾಗಿರಲಿಲ್ಲ. ಇಡೀ ಊರಿಗೆ ನೀರೆತ್ತುವ ಪಂಪುಗಳಿರುವ ನೀರಮನೆಯಲ್ಲಿ ಕೈ ಇಡುವ ಹೆಂಗಸರ ಗುಂಪಿದೆ. ಅದರ ಮುಖ್ಯಸ್ಥೆ ಅವಳು. ಮದುವೆಯ ಮನೆಗೆ ರುಬ್ಬುವ ಯಂತ್ರಕ್ಕೆ ಒಂದು ಕೈ ಬೇಕು, ಆಸ್ಪತ್ರೆಗೆ ನಾಲ್ಕು ಕೈ ಬೇಕು ಎಂದರೆ ಅವಳಿಗೇ ಹೇಳಿ ಕಳಿಸುತ್ತಾರೆ. ಯಾರಿಗೆ ಯಾವ ದಿನ ಎಲ್ಲಿ ಪಾಳಿ ಎಂಬುದನ್ನೆಲ್ಲ ಅವಳು ಬಾಯಲ್ಲೇ ಇಟ್ಟುಕೊಂಡಿದ್ದಾಳೆ, ತಪ್ಪಿದ್ದಿಲ್ಲ ಎಂದು ಜನ ಹೇಳುತ್ತಾರೆ. ನಾನು ಹಲವು ವರ್ಷ ಆ ಹೆಸರು ಕೇಳಿದ್ದೆ, ನಮ್ಮ ಫಕೀರವ್ವ ಅವಳೇ ಇರಬಹುದೆಂದು ಅವತ್ತಿನವರೆಗೆ ಯೋಚಿಸಿರಲಿಲ್ಲ.

ಹೋದಾಗ ಅವಳು ಮೂರನೆಯ ಪಂಪಿನ ಮೇಲೆ ಕೈ ಇಟ್ಟು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಕೂದಲು ಪೂರ್ತಿ ಬಿಳಿಯಾಗಿತ್ತು. ಉಳಿದ ಹೆಂಗಸರು ಪಂಪಿನ ಸದ್ದಿಗಿಂತ ಜೋರಾಗಿ ಮಾತನಾಡುತ್ತಿದ್ದರು.

"ನನ್ನ ಗುರ್ತು ಹತ್ತಿತೇನು ಫಕೀರವ್ವ?"

"ಹತ್ತದ ಏನ್ರಿ? ಹಂಚಿನಮನಿ ಸುಲೂ ಅಲ್ಲೇನು ನೀವು? ಕುಂದರ್ರಿ, ಆ ಪಂಪು ಬಿಸಿ ಇರತೈತಿ, ಈ ಕಡೆ ಬರ್ರಿ."

ನಾನು ಕೆಲಸದ ಮಾತು ಹೇಳಿದೆ. ಪ್ರತಿ ಶಾಲೆಯಲ್ಲಿ ಮಕ್ಕಳ ಕಂಪ್ಯೂಟರುಗಳಿಗೆ ಮಕ್ಕಳದೇ ಕೈ ಇರುತ್ತದೆ. ಆದರೆ ಸರ್ವರು, ಬ್ಯಾಟರಿ ಪೆಟ್ಟಿಗೆ, ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರು, ಈ ಮೂರಕ್ಕೆ ಬೇರೆ ಕೈ ಬೇಕು. ಇಪ್ಪತ್ಮೂರು ಶಾಲೆಗೆ ಅರವತ್ತೊಂಬತ್ತು ಕೈ. ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು.

"ನೀರು, ದವಾಖಾನಿ, ಗಿರಣಿ ಬಿಟ್ಟರ ನನ್ನ ಕಡೆ ಇಪ್ಪತ್ತನಾಕು ಕೈ ಅದಾವ. ಅಷ್ಟ."

"ಅರವತ್ತೊಂಬತ್ತು ಬೇಕಲ್ಲ."

"ಇಲ್ಲದ್ದು ಎಲ್ಲಿಂದ ತರಲಿ? ಇಪ್ಪತ್ತನಾಕರಾಗ ದಿನಕ್ಕ ಎಂಟು ಶಾಲಿ ಆಕ್ಕಾವ. ಒಂದೊಂದು ಶಾಲಿಗೆ ವಾರದಾಗ ಎಲ್ಡು ದಿನ." ನಾನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ. ಸರಿಯಾಗಿತ್ತು. ಅಷ್ಟರಲ್ಲಿ ಅವಳು ಕೇಳಿದಳು: "ಈಗ ಯಾರು ಇಡ್ತಾರ್ರಿ ಅಲ್ಲಿ? ಕೆರೆ ಓಣಿ ಶಾಲ್ಯಾಗ ದಿನಾ ನಡೀತಾವಂತಲ್ಲ, ಅಲ್ಲಿಗೆ ನನ್ನ ಹೆಂಗಸರು ಹೋಗೂದಿಲ್ಲ."

ನಾನು ಭಾಗ್ಯಶ್ರೀಯ ವಿಷಯ ಹೇಳಿದೆ. ಎರಡೂ ಕೈ ಎಂದೂ ಹೇಳಿದೆ. ಫಕೀರವ್ವ ಎಲೆ ಉಗುಳಿ ಬಾಯಿ ಒರೆಸಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ, ಅವಳದಲ್ಲದ ದನಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಹೇಳತೊಡಗಿದಳು: "ಮಕ್ಕಳೇ, ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಇದಕ್ಕೆ ಉಬ್ಬರ ಇಳಿತ ಎನ್ನುತ್ತಾರೆ. ಈಗ ನಿಮ್ಮ ನೋಟುಪುಸ್ತಕದಲ್ಲಿ ಬರೆದುಕೊಳ್ಳಿರಿ."

ರೇಡಿಯೊದಲ್ಲಿ ಪಾಠ ಹೇಳುತ್ತಿದ್ದ ಟೀಚರ ದನಿ ಅದು, ಹಾಗೆಯೇ ಇತ್ತು. ಪಕ್ಕದ ಹೆಂಗಸರು ನಕ್ಕರು. ಅವರು ಇದನ್ನು ಹಲವು ಸಲ ಕೇಳಿರಬೇಕು.

"ಎಲ್ಲಾ ಬರತೈತಿ ನನಗ" ಎಂದಳು. "ಎಲ್ಲಾ ಪಾಠ. ನೀವು ಒಳಗ ಬರಕೊಳ್ಳಾಗ ರೇಡಿಯೋದಾಗ ಸಿತಾರ್ ಹಚ್ಚತಿದ್ರು. ನೀವು ಬರೀತಿದ್ರಿ, ನಾ ಸಿತಾರ್ ಕೇಳ್ತಿದ್ದೆ. ಬರಿಯಾಕ ಬರಲಿಲ್ಲ, ಅಷ್ಟ." ಪಂಪಿನ ಮೇಲೆ ಇಲ್ಲದ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು ತೋರಿಸಿದಳು. "ಒಂದು ಕೈ ಖಾಲಿನ ಇತ್ತಲ್ರಿ ನನಗ. ಯಾರೂ ಬರಿಯಾಕ ಒಂದು ಪಾಟಿ ಕೊಡ್ಲಿಲ್ಲ. ನೀವು ಕಿಡಕಿ ಬಾಜೂಕ ಕುಂದರ್ತಿದ್ರಿ. ಕೈ ಚಾಚಿದ್ರ ಸಿಗ್ತಿತ್ತು."

"ನಾ ಆವಾಗ ಸಣ್ಣಾಕಿ ಇದ್ದೆ ಫಕೀರವ್ವ."

"ನಾನೂ ಸಣ್ಣಾಕಿನ ಇದ್ದೆನ್ರಿ."

ಬೈದು ಹೇಳಿದಂತಿರಲಿಲ್ಲ. ವಿಳಾಸ ಕೇಳಿದವರಿಗೆ ದಾರಿ ಹೇಳಿದಂತೆ ಹೇಳಿದಳು. ನಾನು ಪಂಪಿನ ಮೇಲೆ ಬರೆದಿದ್ದ ಸಂಖ್ಯೆಯನ್ನು ಓದುತ್ತ ಕೂತೆ. ಆಮೇಲೆ ಅವಳೇ ಮಾತು ತೆಗೆದಳು.

"ಇಪ್ಪತ್ತನಾಕು ಕೈ ಕೊಡ್ತೀನಿ. ಇಲ್ಲಿ ಸಿಗೂ ಕೂಲಿನ ಅಲ್ಲೂ ಕೊಡಸ್ರಿ. ಆದ್ರ ಹಿಂಗ ಬರೀರಿ ನಿಮ್ಮ ಕಾಗದದಾಗ. ಸಣ್ಣ ಹುಡುಗರ ಕೈ ಇಡಸಬಾರದು. ಒಬ್ಬರಿಗೆ ಒಂದ ಮಷಿನ್. ಪರದೆ ಇರಬಾರದು, ಮಷಿನ್ ಕ್ವಾಣ್ಯಾಗ ಇರಬೇಕು, ಕೈ ಇಟ್ಟಾಕಿ ಮಾರಿ ಬೋರ್ಡಿನ ಕಡೆ ಇರಬೇಕು. ಮತ್ತ ಆಕಿ ಖಾಲಿ ಕೈಯಾಗ ಒಂದು ಪಾಟಿ ಕೊಡ್ರಿ. ಬರಿಯೂದು ಬಿಡೂದು ಆಕಿಗೆ ಬಿಟ್ಟಿದ್ದು."

ಮುಂದಿನ ಎರಡು ವಾರ ನಾನು ಯೋಜನೆ ಬರೆದೆ. ನಮೂನೆಯ ಹನ್ನೊಂದು ಕಾಲಂಗಳ ಪಕ್ಕದಲ್ಲಿ ಸ್ಕೇಲಿನಿಂದ ಗೆರೆ ಎಳೆದು ಹನ್ನೆರಡನೆಯದನ್ನು ಮಾಡಿ, ಅದಕ್ಕೆ "ಕೈ" ಎಂದು ತಲೆಬರಹ ಕೊಟ್ಟೆ. ಪ್ರತಿ ಶಾಲೆಯ ಎದುರು ಮೂರು ಎಂದು ಬರೆದೆ. ಯಂತ್ರಗಳು ವಾರಕ್ಕೆ ಎರಡು ದಿನ ಮಾತ್ರ ನಡೆಯುತ್ತವೆ ಎಂದು ಬರೆದೆ. ಯಾಕೆ ಎಂಬುದಕ್ಕೆ ಒಂದು ಪುಟ ಬೇಕಾಯಿತು. ಆ ಪುಟದಲ್ಲಿ ಕೆರೆ ಓಣಿಯ ಶಾಲೆಯಲ್ಲಿ ಕಂಡದ್ದನ್ನು ಇದ್ದಂತೆಯೇ ಬರೆದೆ. ಪಾಳಿಯ ಪುಸ್ತಕದ ವಿಷಯವನ್ನೂ, ನಾಲ್ಕು ಮಕ್ಕಳ ವಿಷಯವನ್ನೂ ಬರೆದೆ. ನೊಣದ ವಿಷಯವನ್ನು ಬರೆದು ಹೊಡೆದುಹಾಕಿದೆ.

ಅಚ್ಚು ತೆಗೆಯುವ ದಿನ ಕಚೇರಿಯ ಜವಾನ ಮೌಲಾಲಿ ತಂಗಿಯ ಮದುವೆಗೆ ಹೋಗಿದ್ದ. ಪ್ರಿಂಟರಿನ ಮೇಲೆ ಕೈ ಇಡುವುದು ಅವನ ಕೆಲಸ. ನನ್ನ ಒಂದು ಕೈ ಕಂಪ್ಯೂಟರಿನ ಮೇಲೆ, ಇನ್ನೊಂದು ಕೀಲಿಗಳ ಮೇಲೆ ಇರಬೇಕಾದ್ದರಿಂದ ಬೇರೆ ಯಾರಾದರೂ ಬೇಕಾಗಿತ್ತು. ಉಳಿದವರೆಲ್ಲ ಪರೀಕ್ಷಾ ಕೆಲಸಕ್ಕೆ ಹೋಗಿದ್ದರು. ಅರಕೇರಿ ಸಾಹೇಬರು ತಾವೇ ಬಂದು ನಿಂತರು. ಅರವತ್ತೆರಡು ಪುಟ. ಕೈ ಇಟ್ಟು ನಿಂತವರಿಗೆ ಬೇರೆ ಕೆಲಸವಿರುವುದಿಲ್ಲ, ಆದ್ದರಿಂದ ಅವರು ಹೊರಬರುವ ಒಂದೊಂದೇ ಹಾಳೆಯನ್ನು ಓದತೊಡಗಿದರು. ಓದದೆ ಸಹಿ ಹಾಕುವ ಅಭ್ಯಾಸ ಅವರದು. ಅವತ್ತು ಅದಕ್ಕೆ ಅವಕಾಶವಾಗಲಿಲ್ಲ.

ಮೂವತ್ತೊಂಬತ್ತನೆಯ ಪುಟ ಅರ್ಧ ಹೊರಬಂದಾಗ ಪ್ರಿಂಟರು ನಿಂತಿತು. ನಾನು ತಿರುಗಿ ನೋಡಿದೆ. ಸಾಹೇಬರು ಕೈ ತೆಗೆದಿದ್ದರು.

"ಈ ಪುಟ ಬ್ಯಾಡ ಮೇಡಂ."

"ಯಾಕ್ರಿ ಸರ್?"

"ಆ ಶಾಲಿಗೆ ಪ್ರಶಸ್ತಿ ಕೊಟ್ಟೀವಿ. ಕೊಟ್ಟಾವ ನಾನ."

"ಇದ್ದದ್ದನ್ನ ಬರದೀನ್ರಿ ಸರ್."

"ಇದ್ದದ್ದು ನನಗೂ ಗೊತ್ತೈತಿ. ಅಲ್ಲಿ ಕುಂತವರು ಇದನ್ನ ಓದಿ ಏನು ತಿಳಕೋತಾರ? ಕೈ ಅಂದ್ರ ಏನಂತ ಅವರಿಗೆ? ವಾರಕ್ಕ ಎಲ್ಡು ದಿನ ನಡಸ್ತೀವಂದ್ರ ನಿಮಗ ಬ್ಯಾಡ ಬಿಡ್ರಿ ಅಂತಾರ. ಐದು ವರ್ಷ ಇಪ್ಪತ್ಮೂರು ಶಾಲಿಗೆ ಒಂದು ವಯರೂ ಬರೂದಿಲ್ಲ. ಅದರ ಜವಾಬ್ದಾರಿ ಯಾರ್ದು?"

ಅವರ ಮಾತು ತಪ್ಪಾಗಿರಲಿಲ್ಲ. ಹಿಂದೆ ಇಂಥ ಕಾರಣಕ್ಕೆ ಒಂದು ವಲಯದ ಯೋಜನೆ ಹಿಂದಿರುಗಿ ಬಂದದ್ದು ನನಗೂ ಗೊತ್ತಿತ್ತು. ನಾನು ಹೇಳಿದೆ: "ಈ ಪುಟ ತಗದ್ರ ಮಷಿನ್ ಬರ್ತಾವ್ರಿ ಸರ್. ದಿನಾ ನಡಸ್ರಿ ಅಂತಾರ. ಇಪ್ಪತ್ಮೂರು ಶಾಲ್ಯಾಗೂ ಒಂದೊಂದು ಪರದೆ ಹೊಲಸಬೇಕಾಕ್ಕೈತಿ."

ಸಾಹೇಬರು ಅರ್ಧ ಹಾಳೆಯನ್ನು ನೋಡುತ್ತ ನಿಂತರು. ತಮ್ಮ ಅಂಗೈಯನ್ನು ಅಂಗಿಗೆ ಒರೆಸಿಕೊಂಡರು. "ನನ್ನ ಕೈಯಿಂದ ಇದು ಹೊರಗ ಬರೂದು ಬ್ಯಾಡ" ಎಂದರು. "ಬೇಕಾದ್ರ ನಿಮ್ಮ ಕೈಯಿಂದ ತಕ್ಕೋರಿ. ನಾ ಚಾ ಕುಡದು ಬರ್ತೀನಿ."

ಅವರು ಹೋದ ಮೇಲೆ ನಾನು ಕುರ್ಚಿಯನ್ನು ಅಡ್ಡ ತಿರುಗಿಸಿ, ಒಂದು ಕೈ ಕಂಪ್ಯೂಟರಿನ ಮೇಲಿಟ್ಟು, ಇನ್ನೊಂದನ್ನು ಚಾಚಿ ಪ್ರಿಂಟರಿನ ಮೇಲಿಟ್ಟೆ. ಮೂಗು ತುರಿಸುತ್ತಿತ್ತು. ಪುಟ ಪೂರ್ತಿ ಹೊರಬಂತು.

ಹತ್ತು ನಿಮಿಷದ ಮೇಲೆ ಸಾಹೇಬರು ಬಂದು ಹಾಳೆಗಳ ಕಡೆ ನೋಡಿದರು. ಮತ್ತೆ ಪ್ರಿಂಟರಿನ ಮೇಲೆ ಕೈ ಇಟ್ಟರು. ನಲವತ್ತರಿಂದ ಅರವತ್ತೆರಡರವರೆಗೆ ಅವರ ಕೈಯಲ್ಲೇ ಬಂದವು. ಕೊನೆಯಲ್ಲಿ ಸಹಿ ಹಾಕುವಾಗ ಮಾತ್ರ ಕೇಳಿದರು: "ಆ ಹುಡುಗಿ ಎಷ್ಟನೇತ್ತ ಅಂದ್ರಿ?" ನಾನು ಆರನೇತ್ತ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಮೂರು ತಿಂಗಳು ಉತ್ತರ ಬರಲಿಲ್ಲ. ಸಾಹೇಬರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತನಾಡುತ್ತಿದ್ದರು. ನಾನು ಫೋನು ಮುಷ್ಟಿಯಲ್ಲಿ ಹಿಡಿದು ತಿರುಗುವವಳಾದೆ. ಕೊನೆಗೆ ಉತ್ತರ ಟಪಾಲಿನಲ್ಲಿ ಬಂತು. ಯೋಜನೆ ಮಂಜೂರಾಗಿತ್ತು. ಯಂತ್ರಗಳ ಪಟ್ಟಿಯ ಕೆಳಗೆ "ಕೈ: ಶಾಲೆಗೆ ಮೂರರಂತೆ ಒಟ್ಟು ಅರವತ್ತೊಂಬತ್ತು, ಮಂಜೂರು. ಸ್ಥಳೀಯವಾಗಿ ಖರೀದಿಸಿಕೊಳ್ಳತಕ್ಕದ್ದು" ಎಂದಿತ್ತು. ಅದು ಯಾವುದೋ ಬಿಡಿಭಾಗದ ಹೆಸರೆಂದು ಅಲ್ಲಿಯವರು ತಿಳಿದಿರಬೇಕು. ಮೂವತ್ತೊಂಬತ್ತನೆಯ ಪುಟವನ್ನು ಯಾರೂ ಓದಿದ ಹಾಗಿರಲಿಲ್ಲ. ಸಾಹೇಬರು ಪತ್ರವನ್ನು ಎರಡು ಸಲ ಓದಿ, ಆ ವರ್ಷ ಮೊದಲ ಬಾರಿಗೆ ನನ್ನೆದುರು ಬಾಯಿ ತುಂಬ ನಕ್ಕರು.

ಶಾಲೆ ಶುರುವಾದ ತಿಂಗಳು ಎಲ್ಲ ಕಡೆ ಹೂವಿನ ಬಟ್ಟೆಗಳು ಹೋದವು. ಕೆರೆ ಓಣಿಯಲ್ಲಿ ಹಸಿರು ಪರದೆಯನ್ನು ಬಸರಕೋಡ ಮಾಸ್ತರರು ತಾವೇ ಬಿಚ್ಚಿ ಮಡಿಸಿದರಂತೆ. ಫಕೀರವ್ವನ ಹೆಂಗಸರು ಬೋರ್ಡಿನ ಕಡೆ ಮುಖ ಮಾಡಿ ಕೂತರು. ಅವರಲ್ಲಿ ಏಳೆಂಟು ಮಂದಿ ಮೊದಲ ವರ್ಷವೇ ಓದಲು ಕಲಿತರು. ಕೆಲವರು ಪಾಟಿಯ ಮೇಲೆ ರಂಗೋಲಿ ಬರೆದರು. ಕೆಲವರು ನಿದ್ದೆ ಮಾಡಿದರು. ಫಕೀರವ್ವ ಶಾಲೆಗೆ ಬರಲೇ ಇಲ್ಲ. ಕೇಳಿದ್ದಕ್ಕೆ, "ನನಗ ಬ್ಯಾಡ್ರಿ. ಬರಕೊಂಡ್ರ ನೆನಪು ಹೋಗತೈತಿ. ಇಷ್ಟು ಮಂದಿ ಪಾಳಿ ಯಾರು ನೋಡಬೇಕು?" ಎಂದಳು. ಭಾಗ್ಯಶ್ರೀ ಈಗ ಬೆಂಚಿನ ಮೇಲೆ ಕೂರುತ್ತಾಳೆ. ಗಣಿತದಲ್ಲಿ ಎರಡು ವರ್ಷ ಹಿಂದಿದ್ದಾಳೆ. ಕಂಪ್ಯೂಟರೆಂದರೆ ಅವಳಿಗೆ ಅಷ್ಟಕ್ಕಷ್ಟೆ, ಖೋಖೋ ಆಟದಲ್ಲಿ ಮಾತ್ರ ಅವಳನ್ನು ಮುಟ್ಟುವವರಿಲ್ಲ ಎಂದು ಹೇಳುತ್ತಾರೆ.

ತೊಂದರೆ ಬಂದದ್ದು ಕೆರೆ ಓಣಿಯ ತಂದೆತಾಯಂದಿರಿಂದ. ದಿನವೂ ನಡೆಯುತ್ತಿದ್ದ ಯಂತ್ರಗಳು ವಾರಕ್ಕೆ ಎರಡು ದಿನಕ್ಕೆ ಇಳಿದಿದ್ದವು. ಹತ್ತು ಹನ್ನೆರಡು ಮಂದಿ ಗುಂಪಾಗಿ ಕಚೇರಿಗೆ ಬಂದರು. ಬಟ್ಟೆ ಅಂಗಡಿಯ ವೀರಭದ್ರಪ್ಪ ಅವರ ಮುಂದಾಳು. "ಯಾರದೋ ನಾಕು ಹುಡುಗರ ಸಲುವಾಗಿ ನಮ್ಮ ಹುಡುಗರ ವಿದ್ಯಾ ಕಡಮಿ ಮಾಡಿದ್ರಿ. ನನ್ನ ಮಗಳು ಹೋದ ವರ್ಷ ವಲಯಕ್ಕ ಮೊದಲು ಬಂದಾಳ. ಈ ವರ್ಷ ಏನು ಮಾಡಬೇಕು ಆಕಿ?" ಎಂದು ಕೇಳಿದರು. ಅವರ ಮಗಳು ಮಳೆಯ ಕಂಬಗಳನ್ನು ತೋರಿಸಿದ್ದ ಹುಡುಗಿ ಎಂದು ಆಗ ನನಗೆ ಗೊತ್ತಾಯಿತು. ಅರಕೇರಿ ಸಾಹೇಬರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದರು.

ನಾನು ಆ ಸಂಜೆ ನೀರಮನೆಗೆ ಹೋಗಿ ಇನ್ನೂ ಮೂರು ಕೈ ಸಿಗುವುದೇ ಎಂದು ಕೇಳಿದೆ. ಫಕೀರವ್ವ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು.

"ನನ್ನ ಕಡೆ ಇಲ್ಲ. ನಿಮ್ಮ ಕಡೆ ಅದಾವಲ್ರಿ. ಬೈಯಾಕ ಬಂದವರು ಎಷ್ಟು ಮಂದಿ?"

"ಹನ್ನೆರಡು."

"ಒಬ್ಬರಿಗೆ ಒಂದಂದ್ರ ಹನ್ನೆರಡು ಕೈ ಆತು. ಆ ಅಂಗಡಿ ಅಣ್ಣಾರಿಗೆ ಶನಿವಾರ ಅಂತ ಹೇಳ್ರಿ. ನಿಮಗೂ ಶನಿವಾರ ಹಾಕ್ತೀನಿ, ಕಚೇರಿ ಅರ್ಧ ದಿನ ಅಲ್ಲೇನು?"

ನಾನು ಅದನ್ನು ಕಾಗದದಲ್ಲಿ ಬರೆದು ಹನ್ನೆರಡು ಮಂದಿಗೂ ಕಳಿಸಿದೆ. ಐದು ಮಂದಿ ಬಂದರು. ವೀರಭದ್ರಪ್ಪ ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಅವರು ಮೊದಲ ಶನಿವಾರವೇ ಬಂದು ಪಂಚೆ ಮೇಲಕ್ಕೆತ್ತಿಕೊಂಡು ಬ್ಯಾಟರಿ ಪೆಟ್ಟಿಗೆಯ ಬಳಿ ಕೂತರು. ನಾನು ಸರ್ವರಿನ ಬಳಿ ಕೂತೆ. ಪ್ರೊಜೆಕ್ಟರಿಗೆ ಅವತ್ತು ಕೆಲಸವಿರಲಿಲ್ಲ. ಅವರ ಮಗಳು ಆ ಹೊತ್ತಿನಲ್ಲಿ ಆಟದ ಬಯಲಿನಲ್ಲಿದ್ದಳು. ಒಳಗೆ ಇದ್ದದ್ದು ನಾಲ್ಕನೆಯ ತರಗತಿ. ನಮಗೆ ಯಾರ ಮಕ್ಕಳು ಯಾರು ಎಂದು ಗೊತ್ತಿರಲಿಲ್ಲ.

ಸರ್ವರಿನ ಮೈ ಬೆಚ್ಚಗಿರುತ್ತದೆ. ಮೊದಲ ಅರ್ಧ ಗಂಟೆ ಅದು ಹಿತವೆನಿಸುತ್ತದೆ. ಆಮೇಲೆ ಅಂಗೈ ಬೆವರುತ್ತದೆ, ಮೊಣಕೈ ಜೋಮು ಹಿಡಿಯುತ್ತದೆ. ಹೊತ್ತು ಎಷ್ಟಾಯಿತೆಂದು ತಿಳಿಯುವುದಿಲ್ಲ. ಆ ತರಗತಿಯ ನಸೀಮಾ ಟೀಚರು ನನಗೂ ಗೊತ್ತಿಲ್ಲದ ವಿಷಯವನ್ನು ಮಕ್ಕಳಿಗೆ ಹೇಳುತ್ತಿದ್ದರು. ನಾನು ಅರ್ಧ ಕೇಳಿಸಿಕೊಂಡೆ. ವೀರಭದ್ರಪ್ಪ ತಮಗೆ ಕೊಟ್ಟ ಪಾಟಿಯನ್ನು ಪಕ್ಕಕ್ಕಿಟ್ಟು ಎದುರಿನ ಮಕ್ಕಳ ಕಂಪ್ಯೂಟರುಗಳನ್ನು ನೋಡುತ್ತಿದ್ದರು.

ಗಂಟೆ ಹೊಡೆಯಿತು. ಮಕ್ಕಳು ಕೈ ತೆಗೆದು ಹೊರಗೆ ಓಡಿದರು, ಒಂದೊಂದೇ ಕಂಪ್ಯೂಟರು ಕಪ್ಪಾಯಿತು. "ಸಾಕ್ರಿ ಮೇಡಂ, ಸಾಕ್ರಿ ಅಣ್ಣಾರ, ಇನ್ನ ತಗೀರಿ" ಎಂದರು ನಸೀಮಾ ಟೀಚರು. ನನಗೆ ತೆಗೆಯುವುದೇ ಬೇಕಾಗಿತ್ತು. ಬೆರಳುಗಳನ್ನು ಎತ್ತಬೇಕೆನ್ನುವಷ್ಟರಲ್ಲಿ ವೀರಭದ್ರಪ್ಪ ತಮ್ಮ ಖಾಲಿ ಕೈಯನ್ನು ನನ್ನ ಕಡೆ ಎತ್ತಿ ತಡೆದರು.

ಮೂರನೆಯ ಸಾಲಿನಲ್ಲಿ ಒಬ್ಬ ಪುಟ್ಟ ಹುಡುಗಿ ಇನ್ನೂ ಕೂತಿದ್ದಳು. ಗಂಟೆ ಕೇಳಿಸಿರಲಿಲ್ಲವೇನೋ. ಅವಳು ಕಂಪ್ಯೂಟರಿನಲ್ಲಿ ಒಂದು ಬಸ್ಸಿನ ಚಿತ್ರ ಬರೆಯುತ್ತಿದ್ದಳು. ಬಸ್ಸು ತೆರೆಯ ಆ ತುದಿಯಿಂದ ಈ ತುದಿಯವರೆಗೆ ಇತ್ತು, ಕಿಟಕಿ ಕಿಟಕಿಗೂ ಒಂದೊಂದು ತಲೆ ಇತ್ತು.

"ತಡೀರಿ ಅಕ್ಕಾರ" ಎಂದರು ವೀರಭದ್ರಪ್ಪ, ಕಿಟಕಿಯಾಚೆ ತಮ್ಮ ಅಂಗಡಿಯಿದ್ದ ಕಡೆಗೂ ಒಮ್ಮೆ ನೋಡಿ, ದನಿ ತಗ್ಗಿಸಿ. "ಇನ್ನೂ ಒಂದು ಗಾಲಿ ಹಾಕೂದೈತಿ."